ರಾತ್ರಿ ಬ್ಲೋವರ್ ಆರಿಸಿದವನ ಪಾಡು

ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ಚಕ್ಕರ್ ಹೊಡೆದವನನ್ನೇ ಕಾರ್ಯದರ್ಶಿ ಮಾಡುವುದು ಬೆಂಗಳೂರಿನ ಅಲಿಖಿತ ಕಾನೂನು. ಈ ಶಿಕ್ಷೆ ನಿಮಗೂ ಆಗಿರುತ್ತದೆ, ಬಿಡಿ. ನನಗೆ ಹುದ್ದೆಯ ಜೊತೆಗೆ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದ, ಬೀಗದ ಕೈಯೂ ಸಿಕ್ಕಿತು. ಮೇಲೆ ಫ್ಲಶ್ ಒತ್ತಿ ನಾವು ಮರೆತದ್ದೆಲ್ಲ ಬೇಸ್‌ಮೆಂಟಿನಲ್ಲಿ ನಮ್ಮನ್ನು ಮರೆಯದೆ ಕಾದಿರುತ್ತದೆ ಎಂದು ಆಗಲೇ ತಿಳಿದದ್ದು.

ಬಿಲ್ಡರ್ ಬಿಟ್ಟುಹೋದ ಫೈಲಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರವೊಂದಿತ್ತು. ಲ್ಯಾಮಿನೇಷನ್ ಮಾಡಿಸಿ, ಮಗುವಿನ ಹಾಗೆ ಎದೆಗೊತ್ತಿಕೊಂಡು ಮಂಡಳಿಯ ಕಚೇರಿಗೆ ಹೋದೆ. ಅಲ್ಲಿನ ಮೇಡಂ ಸಮಾಧಾನದಿಂದಲೇ ಹೇಳಿದರು: "ಸರ್, ಇದು ಘಟಕ ಕಟ್ಟೋದಕ್ಕೆ ಕೊಟ್ಟ ಒಪ್ಪಿಗೆ. ನಡೆಸೋದಕ್ಕೆ ಬೇರೆ ತಗೋಬೇಕು, ಅವಧಿ ಮುಗಿಯೋ ಮುಂಚೆ ನವೀಕರಿಸಬೇಕು. 1974ರ ಜಲ ಕಾಯ್ದೆ, 25ನೇ ಸೆಕ್ಷನ್."

"ಬಿಲ್ಡರ್ ಹೋದಮೇಲೆ ಹೊಣೆ ಯಾರದು ಮೇಡಂ?"

"ಸಂಘದ್ದು."

"ಸಂಘ ಅಂದ್ರೆ?"

ಆಕೆ ಅರ್ಜಿಯಲ್ಲಿ ಸಹಿ ಹಾಕುವ ಜಾಗಕ್ಕೆ ಪೆನ್ನಿಟ್ಟು ನನ್ನ ಮುಖ ನೋಡಿದರು.

ಸಹಿ ಹಾಕಿದ ಹುಮ್ಮಸ್ಸಿನಲ್ಲಿ ಉಳಿತಾಯಕ್ಕೆ ಕೈಹಾಕಿದೆ. ಘಟಕದ ತೊಟ್ಟಿಗೆ ಹಗಲಿರುಳೂ ಭೋರೆಂದು ಗಾಳಿ ಊದುವ ಬ್ಲೋವರಿನ ಕರೆಂಟ್ ಬಿಲ್ ಕಣ್ಣು ಕುಕ್ಕುತ್ತಿತ್ತು. "ಆರಿಸಬೇಡಿ ಸಾರ್, ಬ್ಯಾಕ್ಟೀರಿಯಾಗೆ ಗಾಳಿ ಬೇಕು" ಎಂದ ಆಪರೇಟರ್ ಹುಡುಗ. "ರಾತ್ರಿ ಅವೂ ಒಂಚೂರು ಮಲಗಲಿ ಬಿಡಪ್ಪಾ" ಎಂದೆ. ಮಲಗಿದವು, ಮತ್ತೆ ಏಳಲಿಲ್ಲ. ಸಂಸ್ಕರಿಸಿದ ನೀರು ಫ್ಲಶ್ಶಿಗೆ ಹೋಗಲು ಬೇರೆಯೇ ಪೈಪು ಹಾಕಿರುವ ಕಟ್ಟಡ ನಮ್ಮದು. ಹೀಗಾಗಿ ಕೊಳೆತ ಮೊಟ್ಟೆಯ ವಾಸನೆ ಲಿಫ್ಟಿಗೂ ಕಾಯದೆ ನೇರ ಎಂಟನೇ ಮಹಡಿಯ ಟಾಯ್ಲೆಟ್ಟಿಗೆ ಮುಟ್ಟಿತು. ಒಪ್ಪಿಗೆ ಪತ್ರದ ಪ್ರಕಾರ ನೀರಿನಲ್ಲಿ ಉಳಿದ ಕೊಳೆಯ ಅಳತೆಯಾದ ಬಿಒಡಿ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ನಮ್ಮ ನೀರಿಗೆ ಲ್ಯಾಬಿನ ವರದಿಯೇ ಬೇಕಿರಲಿಲ್ಲ, ಮೂಗು ಸಾಕಿತ್ತು.

ಸತ್ತ ತೊಟ್ಟಿಗೆ ಜೀವ ಬರಿಸಲು ಸಗಣಿ, ಬೆಲ್ಲ ಹಾಕಬೇಕಂತೆ. ಹಾಲಿನವರ ಕೊಟ್ಟಿಗೆಯಿಂದ ಎರಡು ಬಕೆಟ್ ಸಗಣಿ ಹೊತ್ತು ತಂದವನು ಲಿಫ್ಟಿನಲ್ಲಿ ಬೇಸ್‌ಮೆಂಟಿನ ಬದಲು ಟೆರೇಸಿನ ಗುಂಡಿ ಒತ್ತಿಬಿಟ್ಟೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು. ಮೂರನೆಯದರಲ್ಲಿ ರೇಷ್ಮೆ ಸೀರೆಯ ಅಜ್ಜಿ "ಯಾರ ಮನೆ ಗೃಹಪ್ರವೇಶಾನಪ್ಪಾ?" ಎಂದು ಅಕ್ಕರೆಯಿಂದ ಕೇಳಿದರು. ಕೈಮುಗಿಯಲು ಹೋದೆ. ಬಕೆಟ್ ಹಿಡಿದ ಕೈ ಎಂಬುದು ನೆನಪಾಗುವಷ್ಟರಲ್ಲಿ ಲಿಫ್ಟಿನ ನೆಲ ಸಾರಿಸಿಯಾಗಿತ್ತು. ರಂಗೋಲಿ ಒಂದು ಬಾಕಿ.

ಅಧಿಕಾರಿಗಳು ತಪಾಸಣೆಗೆ ಬರುವ ಹೊತ್ತಿಗೆ ತೊಟ್ಟಿ ಚೇತರಿಸಿಕೊಂಡಿತ್ತು. ಹುಡುಗ ಗಾಜಿನ ಜಾರಿನಲ್ಲಿ ನೀರು ತುಂಬಿ, ಅರ್ಧ ಗಂಟೆ ಅಲುಗಿಸದೆ ಇಟ್ಟು, ಕೆಸರು ಎಷ್ಟು ಕೆಳಗೆ ಕೂತಿದೆ ಎಂದು ತೋರಿಸಲು ಸಿದ್ಧನಾಗಿದ್ದ. ಬಂದವರಿಗೆ ಚೆನ್ನಾಗಿ ಕಾಣಲೆಂದು ನಾನು ಜಾರನ್ನೆತ್ತಿ ಚೆನ್ನಾಗಿ ಕುಲುಕಿ ಅವರ ಮುಂದೆ ಹಿಡಿದೆ. ಹುಡುಗ ಹಣೆ ಚಚ್ಚಿಕೊಂಡ. ಅವನನ್ನು ಸಮಾಧಾನಪಡಿಸಲು ಬಗ್ಗಿದಾಗ ಜೇಬಿನ ಮೊಬೈಲು ಗಾಳಿತೊಟ್ಟಿಗೆ ಗುಳುಂ! ಘಟಕ ನಡೆಸುವ ಒಪ್ಪಿಗೆಯ ಅರ್ಜಿಗೆ ಬರಬೇಕಿದ್ದ ಓಟಿಪಿ ಅದರಲ್ಲೇ.

ಪ್ಯಾಂಟು ಮಡಚಿ ಏಣಿಗೆ ಕಾಲಿಟ್ಟೆ. ಹುಡುಗ ಅಂಗಿ ಹಿಡಿದೆಳೆದ. "ಒಳಗೆ ವಿಷಗಾಳಿ ಇರುತ್ತೆ ಸಾರ್! 2013ರ ಕಾಯ್ದೆ ಇದೆ, ಮನುಷ್ಯರನ್ನ ಹೀಗೆಲ್ಲಾ ಇಳಿಸಿದ್ರೆ ಕೇಸಾಗುತ್ತೆ."

"ನನ್ನನ್ನ ಯಾರೂ ಇಳಿಸ್ತಿಲ್ವಲ್ಲೋ, ನಾನೇ ಇಳೀತಿದ್ದೀನಿ."

"ಇಳಿಸಿದ್ದು ಯಾರು ಅಂತ ಕೇಳ್ತಾರೆ. ಕಾರ್ಯದರ್ಶಿ ಅಂತ ಹೇಳಬೇಕಾಗುತ್ತೆ ಸಾರ್."