ಮುತ್ಯಾನ ತಪ್ಪುಗಳು

ಇಳಕಲ್ಲಿನ ನಮ್ಮ ಓಣಿಯಲ್ಲಿ ಚಹಾದ ಹೊತ್ತು ಗೊತ್ತಾಗಲು ಗಡಿಯಾರ ಬೇಕಿರಲಿಲ್ಲ. ಮುತ್ಯಾನ ಕುಣಿಮಗ್ಗದ ಸಪ್ಪಳ ನಿಂತಿತೆಂದರೆ ಆಯಿ ಕಪ್ಪು ಬಸಿ ಹಿಡಿದು ಬಂದಳೆಂದೇ ಅರ್ಥ. ಐವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಹೆಸರು ಹಿಡಿದು ಕರೆದುಕೊಂಡವರಲ್ಲ. ಆಕೆ “ಕೇಳಿದ್ರೇನು?” ಎಂದರೆ ಈತ “ಇಲ್ಲ” ಎನ್ನುತ್ತಿದ್ದ. ಕೇಳದೆ ಉತ್ತರ ಹೇಗೆ ಬಂತೆಂದು ನಾವು ತಲೆ ಕೆಡಿಸಿಕೊಳ್ಳುತ್ತಿದ್ದೆವು.

ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಕೆಂಪು ರೇಷ್ಮೆ ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು, ಅದೂ ಒಂದೊಂದು ಸೀರೆಗೂ ಹೊಸದಾಗಿ. ನಮ್ಮ ಮನೆಯಲ್ಲಿ ಕೊಂಡಿ ಹಾಕುವ ಕೆಲಸ ಆಯಿಯದು, ಬೈಯುವ ಕೆಲಸವೂ ಆಕೆಯದೇ.

ಇಷ್ಟು ನೇಯ್ದವನ ಹೆಂಡತಿಯ ಟ್ರಂಕಿನಲ್ಲಿ ಸರಿಯಾದ ಸೀರೆ ಒಂದೂ ಇರಲಿಲ್ಲ. ಸಾವಕಾರರು ತಪ್ಪು ಹಿಡಿದು, ಮಜೂರಿ ಮುರಿದುಕೊಂಡು ವಾಪಸು ಕೊಟ್ಟವೇ ಎಲ್ಲ. ಆದರೆ ಆ ತಪ್ಪುಗಳಿಗೊಂದು ಪಂಚಾಂಗವಿತ್ತು.

“ಅಲ್ಲೋ, ವರ್ಷಪೂರ್ತಿ ನೆಟ್ಟಗಿರೂ ಕೈ, ಬನಶಂಕರಿ ಜಾತ್ರಿ ಎಂಟ ದಿನ ಐತಿ ಅನ್ನೂದ್ರಾಗ ಹೆಂಗ ತಪ್ಪತೈತಿ?”

“ಎಲ್ಲಾ ತಾಯಿ ಇಚ್ಛಾ, ಸಾವಕಾರ್ರ.”

ಯಾವ ತಾಯಿ ಎಂದು ಸಾವಕಾರರು ಕೇಳಲಿಲ್ಲ. ಬನದ ಹುಣ್ಣಿಮೆಗೆ ಆಯಿ ಹೊಸ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಾದಾಮಿಯಲ್ಲಿ ಇಳಿಯುತ್ತಿದ್ದಳು. ತೇರು ಎಳೆದಾದ ಮೇಲೆ ಬುಟ್ಟಿಯವರ ಹತ್ತಿರ ರೊಟ್ಟಿ, ಝುಣಕ, ಮೊಸರು. ರಾತ್ರಿ ಕಂಪನಿ ನಾಟಕ. ನಾಟಕ ನೋಡುತ್ತಿದ್ದವಳು ಆಯಿ. ಮುತ್ಯಾ ಗೊರಕೆ ಹೊಡೆದು ಬಂದು, ಊರಲ್ಲಿ ಕಥೆ ಹೇಳುತ್ತಿದ್ದ.

ನಿಜವಾದ ತಪ್ಪುಗಳೂ ಇದ್ದವು ಅನ್ನಿ. ಅಪ್ಪ ಹುಟ್ಟಿದ ದಿನ ಕಂಡಿಕಿ ಸುತ್ತಿ ಕೊಡುವವಳು ಹೆರಿಗೆ ನೋವಿನಲ್ಲಿದ್ದಳು. ಮುತ್ಯಾ ಕೈಗೆ ಸಿಕ್ಕ ಕಂಡಿಕಿ ಲಾಳಿಗೆ ಹಾಕಿ, ನೀಲಿ ಒಡಲಿನ ನಡುವೆ ಅಂಗೈಯಗಲ ಹಳದಿ ಪಟ್ಟಿ ನೇಯ್ದುಬಿಟ್ಟ. ಹುನಗುಂದಕ್ಕೆ ಕೊಟ್ಟ ಅತ್ತೆಯನ್ನು ಗಂಡನ ಮನೆಗೆ ಕಳಿಸಿ ಬಂದ ವಾರ, ಸೆರಗಿನ ಚಿತ್ತಾರದಲ್ಲಿ ಒಂದು ತೆನಿಯನ್ನೇ ಮರೆತ. ಇನ್ನೊಂದು ವರ್ಷ ನಮ್ಮೂರ ಮಹಾಂತಪ್ಪಗಳ ಜೋಳಿಗೆ ಓಣಿಗೆ ಬಂತು. ದುಡ್ಡು ಬೇಡ, ದವಸ ಬೇಡ, ನಿಮ್ಮ ಚಟ ಹಾಕಿರಿ ಎಂದು ಬೇಡುವ ಜೋಳಿಗೆ ಅದು. ಆ ಸ್ವಾಮಿಗಳು ಹುಟ್ಟಿದ ಆಗಸ್ಟ್ 1 ಈಗ ಸರಕಾರದ ವ್ಯಸನಮುಕ್ತ ದಿನ. ಮುತ್ಯಾ ತಂಬಾಕಿನ ಚೀಲ ಹಾಕಿ ಕೈಮುಗಿದ. ಚಟ ಹೋಯಿತು, ಅದರ ಹಿಂದೆಯೇ ಕೈಯ ಹಿಡಿತವೂ ಹೋಯಿತು. ಆ ವರ್ಷ ಆಯಿಗೆ ನಾಲ್ಕು ಸೀರೆ.

1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಅಪ್ಪನಿಗೆ ಅಲ್ಲಿಗೆ ವರ್ಗವಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟವರಿಗಾಗಿ ಕಟ್ಟಿದ ನವನಗರದಲ್ಲಿ ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಮೊಮ್ಮಕ್ಕಳಿಗೆ ಕರದಂಟು ತರಲು ಹೊರಟ ಮುತ್ಯಾ ಮೊದಲ ದಿನವೇ ದಾರಿ ತಪ್ಪಿದ. ನಾವು ಹುಡುಕಲು ಹೊರಡುವಷ್ಟರಲ್ಲಿ ತಾನೇ ಬಂದ. ಮಾಳಿಗೆಯ ಮೇಲೆ ಆಯಿ ಒಣಹಾಕಿದ್ದ ನೀಲಿ ಸೀರೆಯ ಹಳದಿ ಪಟ್ಟಿ ಅವನಿಗೆ ಎರಡು ರಸ್ತೆಯಾಚೆಯಿಂದಲೇ ಕಂಡಿತ್ತು.

ಮುತ್ಯಾ ಹೋದ ಮರುವರ್ಷ ಜಾತ್ರೆಗೆಂದು ಮೊಮ್ಮಕ್ಕಳೆಲ್ಲ ದುಡ್ಡು ಕೂಡಿಸಿ, ಆಯಿಗೆ ಅಂಗಡಿಯಿಂದ ಒಳ್ಳೆಯ ಸೀರೆ ತಂದೆವು. ಆಯಿ ಕನ್ನಡಕ ಏರಿಸಿಕೊಂಡು ದಡಿಯಿಂದ ದಡಿಗೆ, ಒಡಲಿನಿಂದ ಸೆರಗಿಗೆ ಬೆರಳಾಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಮಡಿಚಿ ನನ್ನ ಕೈಗಿಟ್ಟಳು.

“ಛಲೋ ಐತಿ. ಆದ್ರ ಇದ್ರಾಗ ಏನೂ ಇಲ್ಲಲ್ಲೋ.”