ಗಾಳಿಗೋಪುರಕ್ಕೆ ಒಂದು ಬಹಿರಂಗ ಪತ್ರ

ದೆಹಲಿಯ ಕನಾಟ್ ಪ್ಲೇಸಿನ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ನಿಂತಿರುವ ಶ್ರೀಮಾನ್ ಸ್ಮಾಗ್ ಟವರ್ ಅವರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ ಎಂದು ಶುರುಮಾಡಿದ್ದೆ, ಅಷ್ಟರಲ್ಲಿ ಕೆಮ್ಮು ಬಂತು. ಹಾಗಾಗಿ ಕುಶಲದ ಮಾತು ಬಿಟ್ಟು ವಿಷಯಕ್ಕೆ ಬರುತ್ತೇನೆ.

ತಾವು ಹುಟ್ಟಿದ್ದು 2021ರ ಆಗಸ್ಟ್ 23ರಂದು. ನಮ್ಮ ಭಾಷೆ ಮಾತ್ರ ಅದಕ್ಕೆ ಎಷ್ಟೋ ಮೊದಲೇ ತಮಗೆ ಹೆಸರಿಟ್ಟಿತ್ತು. ಆಗದ ಹೋಗದ ಕನಸು ಕಾಣುವವನನ್ನು ನಾವು ಗಾಳಿಗೋಪುರ ಕಟ್ಟುತ್ತಾನೆ ಎನ್ನುತ್ತೇವೆ. ಅದನ್ನು ಇಪ್ಪತ್ತು ಕೋಟಿ ರೂಪಾಯಿ ಸುರಿದು ನಿಜಕ್ಕೂ ಕಟ್ಟಿಬಿಡಬಹುದು ಎಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

24 ಮೀಟರ್ ಎತ್ತರ, 40 ಫ್ಯಾನು, ಸಾವಿರಾರು ಫಿಲ್ಟರು. ಮೇಲಿನಿಂದ ಕೊಳಕು ಗಾಳಿ ನುಂಗಿ ಕೆಳಗಿನಿಂದ ಶುದ್ಧ ಗಾಳಿ ಬಿಡುವುದು ತಮ್ಮ ಕ್ರಮ. (ಮನುಷ್ಯರಲ್ಲಿ ಈ ವ್ಯವಹಾರ ತದ್ವಿರುದ್ಧ, ಆ ಮಾತು ಬೇಡ.) ಸುತ್ತ ಒಂದು ಕಿಲೋಮೀಟರ್ ಗಾಳಿ ತಿಳಿಯಾಗುತ್ತದೆ ಎಂದಿದ್ದರು. ಅಷ್ಟನ್ನೂ ನಂಬಿ ಲೆಕ್ಕ ಹಾಕಿದೆ. ದೆಹಲಿಯ ವಿಸ್ತೀರ್ಣ 1,483 ಚದರ ಕಿಲೋಮೀಟರ್, ತಮ್ಮ ಪಾಲಿಗೆ ಬರುವುದು ಮೂರು ಚಿಲ್ಲರೆ. ಅಂದರೆ ತಮ್ಮಂಥವರು 470ಕ್ಕೂ ಹೆಚ್ಚು ಮಂದಿ ಬೇಕು. ಅಷ್ಟು ಮಂದಿಯ ಫ್ಯಾನು ತಿರುಗಿಸಲು ಕಲ್ಲಿದ್ದಲು ಎಲ್ಲಿ ಸುಡುವುದು ಎಂಬುದನ್ನು ಆಮೇಲೆ ನೋಡೋಣ.

ತಮ್ಮ ಸರ್ವಿಸ್ ರೆಕಾರ್ಡು ಓದಿ ಕರುಳು ಚುರುಕ್ ಎಂದಿತು. ನೇಮಕ ಸುಪ್ರೀಂ ಕೋರ್ಟಿನ ಹುಕುಂನಿಂದ. 2023ರಲ್ಲಿ ಫ್ಯಾನು ನಿಂತು ಸುಮ್ಮನೆ ನಿಂತುಕೊಂಡಿರಿ. ಆ ನವೆಂಬರಿನಲ್ಲಿ ಕೋರ್ಟು ಗದರಿದ ಮೇಲೆ ಮತ್ತೆ ಹಾಜರಿ ಹಾಕಿದಿರಿ. ಕೊನೆಗೆ ದೆಹಲಿಯ ಮಾಲಿನ್ಯ ನಿಯಂತ್ರಣ ಸಮಿತಿಯೇ, ಇದು ಕಾರ್ಯಸಾಧ್ಯ ಪರಿಹಾರವಲ್ಲ ಎಂದು ಹಸಿರು ನ್ಯಾಯಮಂಡಳಿಗೆ ಬರೆದುಕೊಟ್ಟಿತು. ಹೆಣ್ಣು ಕೊಟ್ಟ ಮಾವನೇ ಅಳಿಯ ಕೈಲಾಗದವನು ಎಂದು ಸಹಿ ಹಾಕಿಕೊಟ್ಟ ಹಾಗೆ.

ನಮ್ಮಮ್ಮ ತೀರ್ಥಹಳ್ಳಿ ಕಡೆಯವರು. ಒಂದು ನವೆಂಬರಿನಲ್ಲಿ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ರೈಲಿಳಿದವರೇ ಮೂಗು ಅರಳಿಸಿ, "ಯಾರ ಮನೇಲೋ ಒಗ್ಗರಣೆ ಸೀದಿದೆ" ಎಂದರು. ಇಡೀ ಊರಿನದೇ ಸೀದಿದೆ ಅಂದೆ. ಮಾರನೆಯ ದಿನ ತಮ್ಮ ದರ್ಶನ ಮಾಡಿಸಿದೆ. ನೀರಿನ ಟ್ಯಾಂಕೆಂದುಕೊಂಡರು. ನಾನು ಎಲ್ಲ ವಿವರಿಸಿದ ಮೇಲೆ, "ಬಚ್ಚಲೊಲೆ ಹೊಗೆಯಾದರೆ ಹಸಿ ಸೌದೆ ಎಳೀತಾರೆ. ಮಾಡಿಗೆ ಬೀಸಣಿಗೆ ಕಟ್ತಾರೇನೋ?" ಎಂದು ಕೇಳಿದರು. ಇದರ ಹಿಂದೆ ಐಐಟಿಯವರು ಇದ್ದಾರಮ್ಮ ಎಂದೆ. ಸುಮ್ಮನಾದರು.

ಹಸಿ ಸೌದೆ ಎಳೆದವರೇ ಇಲ್ಲವೆಂದಲ್ಲ. 1998ರ ಕೋರ್ಟು ಆದೇಶ ಹಿಡಿದು, ಹಗ್ಗಜಗ್ಗಾಟವೆಲ್ಲ ಮುಗಿದು, 2002ರ ಕೊನೆಗೆ ಇಲ್ಲಿನ ಸಿಟಿ ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದವು. ಆದರೆ ಬಸ್ಸಿನ ಹೊಗೆಕೊಳವೆಗೆ ರಿಬ್ಬನ್ ಕಟ್ಟಿ ಕತ್ತರಿಸಲಾಗುವುದಿಲ್ಲವಲ್ಲ! ಕಲ್ಲಿದ್ದಲು ಸ್ಥಾವರಗಳು ಗಂಧಕದ ಹೊಗೆಯನ್ನು ಚಿಮಣಿಯಲ್ಲೇ ಹಿಡಿಯಬೇಕೆಂದು 2015ರಲ್ಲಿ ನಿಯಮ ಬಂತು. 2017ರ ಗಡುವು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. 2025ರಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಪೂರಾ ಮಾಫಿಯೇ ಸಿಕ್ಕಿತು. ಅಲ್ಲಿ ಫಿಲ್ಟರಿಲ್ಲದ ಚಿಮಣಿ, ಇಲ್ಲಿ ಚಿಮಣಿಯಿಲ್ಲದ ಫಿಲ್ಟರ್. ಇಬ್ಬರನ್ನೂ ಒಂದು ಮಾಡುವ ಮದುವೆ ದಲ್ಲಾಳಿ ಮಾತ್ರ ಸಿಗಲಿಲ್ಲ.

ಬೈಯಲು ಪಂಜಾಬಿನ ರೈತನಿದ್ದಾನೆ, ಆ ಅನುಕೂಲ ಉಂಟು. ಅಂತರ್ಜಲ ಉಳಿಯಲೆಂದು 2009ರ ಕಾನೂನು ಭತ್ತದ ನಾಟಿಯನ್ನು ಜೂನಿಗೆ ತಳ್ಳಿತು. ಕೊಯ್ಲು ಅಕ್ಟೋಬರಿನ ಕೊನೆಗೆ ಜಾರಿತು, ಗೋಧಿ ಬಿತ್ತಲು ಉಳಿದದ್ದು ಎರಡು ಮೂರು ವಾರ. ಯಂತ್ರ ಬಿಟ್ಟುಹೋದ ಕೂಳೆಗೆ ಅವನು ಕಡ್ಡಿ ಗೀರಿದ. ಅದೇ ಹೊತ್ತಿಗೆ ಗಾಳಿಯೂ ನಿಲ್ಲುತ್ತದೆ. ನೆಲದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಕೂರುತ್ತದೆ. ಆದರೆ 2025ರಲ್ಲಿ ಈ ರೈತ ನಮಗೆ ಕೈಕೊಟ್ಟ. ಪಂಜಾಬಿನ ಬೆಂಕಿ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಡಿಸೆಂಬರಿನಲ್ಲಿ ಗದ್ದೆಯಲ್ಲಿ ಹೊಗೆಯಿರಲಿಲ್ಲ, ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ ಮಾತ್ರ 450 ದಾಟಿತ್ತು. ಹಾಗಾದರೆ ಉಳಿದ ಕಳ್ಳ ಯಾರು ಎಂದು ನನ್ನ ಡೀಸೆಲ್ ಕಾರಿನಲ್ಲಿ, ಎಂಜಿನ್ ಆರಿಸದೆ, ಸಿಗ್ನಲ್ಲಿನಲ್ಲಿ ಕೂತು ಬಹಳ ಯೋಚಿಸಿದೆ.

ಅದೇ ವರ್ಷ ತಮಗೊಬ್ಬ ತಮ್ಮನೂ ಹುಟ್ಟಿದ. ಅಕ್ಟೋಬರ್ 28ರಂದು ಐಐಟಿ ಕಾನ್ಪುರದವರ ವಿಮಾನ ಮೋಡ ಬಿತ್ತನೆಗೆ ಹಾರಿತು. ಮೋಡದಲ್ಲಿದ್ದ ತೇವಾಂಶ ಶೇಕಡ 10ರಿಂದ 15. ದೆಹಲಿಯಲ್ಲಿ ಮಳೆ ಬರಲಿಲ್ಲ. 2017ರ 'ವರ್ಷಧಾರಿ' ಮೋಡ ಬಿತ್ತನೆಯನ್ನು ಕಂಡ ಕನ್ನಡಿಗನನ್ನು ಒಂದು ಮಾತು ಕೇಳಿದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತು.

2024ರ ನವೆಂಬರ್ 18ರಂದು ನಮ್ಮ ಸೂಚ್ಯಂಕ 494. ನಮ್ಮಲ್ಲಿ ಗರಿಷ್ಠ ಅಂಕ 500, ಅದರಾಚೆ ಹೊಗೆ ಎಷ್ಟೇ ಓದಿಕೊಂಡು ಬಂದರೂ ಅಂಕ ಕೊಡುವುದಿಲ್ಲ. ಉಳಿದ ಆರು ಅಂಕ ಎಲ್ಲಿ ಹೋಯಿತು ಎಂದು ಮಗಳನ್ನು ಗದರಿಸುವ ಅಭ್ಯಾಸದಲ್ಲಿ ಆಕಾಶವನ್ನು ಗದರಿಸಿದೆ. ಅವತ್ತು ಶಾಲೆಗೆ ರಜೆ, ಅವಳು ಮೊಬೈಲಿನಲ್ಲಿ ಪರಿಸರ ಪಾಠ ಕೇಳುತ್ತಿದ್ದಳು.

ಇನ್ನೊಂದು ಮರೆತಿದ್ದೆ. ನಮ್ಮ ಗೇಟಿನ ಕಾವಲುಗಾರ ರಾತ್ರಿ ಚಳಿಗೆ ತರಗೆಲೆ, ಮುರಿದ ಕುರ್ಚಿ, ಥರ್ಮಾಕೋಲು, ಸಿಕ್ಕಿದ್ದನ್ನೆಲ್ಲ ಸುಡುತ್ತಿದ್ದ. ಮೂರನೇ ಮಹಡಿಯಲ್ಲಿ ಏರ್ ಪ್ಯೂರಿಫೈಯರ್ ಪಕ್ಕ ಕೂತು ನಾನೇ ದೂರು ಬರೆದೆ. ಸಂಘದವರು ಕೂಡಲೇ ಸಭೆ ಸೇರಿ, ಸರ್ಕಾರದ ಸೂಚನೆಯಂತೆ ಅವನಿಗೊಂದು ಎಲೆಕ್ಟ್ರಿಕ್ ಹೀಟರ್ ತರಿಸಿದರು. ಫೋಟೋ ತೆಗೆಸಿಕೊಂಡದ್ದೂ ಆಯಿತು. ಅವನ ಗೂಡಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಹೀಟರ್ ಬಂದ ರಟ್ಟಿನ ಪೆಟ್ಟಿಗೆ ನಿನ್ನೆ ರಾತ್ರಿ ಚೆನ್ನಾಗಿ ಉರಿಯಿತು.

ಇಂತಿ ತಮ್ಮ ವಿಧೇಯ,
ತಮ್ಮ ಒಂದು ಕಿಲೋಮೀಟರಿನ ಆಚೆ ವಾಸಿಸುವವ