ಹಳೇ ಫಿಯಟ್‌ನಲ್ಲಿ ಮನೆ ಸಾಗಿಸುವ ಕ್ರಮ

ಹೈದರಾಬಾದಿನ ಸುಲ್ತಾನ್ ಬಜಾರಿನಿಂದ ಕಲಬುರಗಿಗೆ ಜಹೀರಾಬಾದ್, ಹುಮನಾಬಾದ್ ಮೇಲೆ ಹಾದು ಹೋದರೆ ಇನ್ನೂರು ಚಿಲ್ಲರೆ ಕಿಲೋಮೀಟರ್. ಗಟ್ಟಿ ಗಾಡಿಗೆ ಅರ್ಧ ದಿನದ ದಾರಿ. ಅದನ್ನು ಎರಡು ದಿನಕ್ಕೆ ಎಳೆಯಬೇಕಾದರೆ ತಯಾರಿ ಬೇಕು. 1956ರ ನವೆಂಬರ್ 1ರಂದು ಗುಲಬರ್ಗಾ (ಈಗಿನ ಕಲಬುರಗಿ), ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದಾಗ ಒಂದು ಚರಿಗೆಯನ್ನೂ ಕಟ್ಟಬೇಕಾಗಿರಲಿಲ್ಲ. ನಿಮಗೆ ಆ ಸೌಕರ್ಯವಿಲ್ಲ. ಆದ್ದರಿಂದ ಈ ಕೆಳಗಿನಂತೆ ನಡೆಯಿರಿ.

1. ಲಾರಿ ಬಾಡಿಗೆ ವಿಚಾರಿಸಿ, ಮೊತ್ತ ಕೇಳಿ ನಗಿ. ‘ನಮ್ಮ ಫಿಯಟ್ ಇರುವಾಗ ಲಾರಿ ಯಾಕೆ?’ ಎಂದು ಮನೆಮಂದಿಯ ಎದುರಿಗೇ ಅನ್ನಿ. ಒಮ್ಮೆ ಅಂದಮೇಲೆ ಹಿಂದೆ ಸರಿಯುವ ದಾರಿ ಮುಚ್ಚುತ್ತದೆ. ಅದೇ ಬೇಕಾದದ್ದು.

2. ಮೇ ತಿಂಗಳನ್ನೇ ಆರಿಸಿ. ನಸುಕಿನಲ್ಲಿ ಹೊರಡಬೇಡಿ. ಸೀರೆ ಅಂಗಡಿಗಳು ಬಾಗಿಲು ತೆಗೆದು, ಗಿರಾಕಿಗಳು ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳಿದು ಬರುವ ತನಕ ಕಾಯಿರಿ. ಆಮೇಲೆ ಗಾಡಿಯನ್ನು ಗಲ್ಲಿಯ ಬಾಯಿಗೆ ಅಡ್ಡ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಸಾಮಾನು ಏರಿಸಿ. ಕೋಠಿ ದಾಟುವಷ್ಟರಲ್ಲೇ ಗಾಡಿ ಕಾದು ಹದಕ್ಕೆ ಬಂದಿರುತ್ತದೆ.

3. ಸ್ಟೆಪ್ನಿಯನ್ನು ಡಿಕ್ಕಿಯ ತಳಕ್ಕೆ ಹಾಕಿ. ಅದರ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ಮಿಕ್ಸಿ, ಮಿಕ್ಸಿಯ ಮೇಲೆ ಪುಸ್ತಕದ ಗಂಟು. ಪಕ್ಕದ ಮನೆಯವರು ಒಯ್ದ ಜಾಕನ್ನು ಕೇಳಲು ಹೋಗಬೇಡಿ, ಬಿಟ್ಟು ಹೋಗುವಾಗ ಸಂಬಂಧ ಕೆಡಬಾರದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಕಾಣುತ್ತವೆ. 2311 ಎಂದಿದ್ದರೆ ಅದು 2011ರ 23ನೇ ವಾರ ತಯಾರಾದ ಟೈರು. ಓದಬೇಡಿ. ಗುಂಡಿ ಇನ್ನೂ ಉಳಿದಿದೆಯಲ್ಲ, ಅಷ್ಟು ಸಾಕು.

4. ಕೂಲಂಟ್‌ಗೆ ದುಡ್ಡು ಸುರಿಯಬೇಡಿ. ಬೋರ್‌ವೆಲ್ ನೀರು ಪುಕ್ಕಟೆ. ಅದರ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಒಂದೊಂದಾಗಿ ಮುಚ್ಚುವುದು ನಿಧಾನದ ಕೆಲಸ, ವರ್ಷಗಳ ಹಿಂದೆಯೇ ಶುರು ಮಾಡಿರಬೇಕು. ಫ್ಯಾನ್ ಬೆಲ್ಟನ್ನು ಮೇಲಿನಿಂದ ನೋಡಿ. ಒಳಮೈ ತಿರುಗಿಸಿ ನೋಡಿದರೆ ಬಿರುಕು ಕಾಣುತ್ತದೆ, ಕಂಡರೆ ಬದಲಿಸಬೇಕಾಗುತ್ತದೆ.

5. ಸದಾಶಿವಪೇಟೆಯ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಬರಬೇಕು. ಬಂದರೆ ಗಾಜನ್ನು ಬೆರಳಿನಿಂದ ತಟ್ಟಿ. ‘ಮೀಟರ್ ಕೆಟ್ಟಿದೆ’ ಎಂದು ಹೇಳಿ ವೇಗ ಹೆಚ್ಚಿಸಿ. ಹಿಂದಿನ ಸೀಟಿನಿಂದ ‘ಇನ್ನಾ ಎಷ್ಟ್ ದೂರ ಅದ ರೀ?’ ಎಂಬ ಪ್ರಶ್ನೆ ಬಂದರೆ ‘ಬಂತು’ ಅನ್ನಿ.

6. ಈಗ ಗಾಡಿ ನಿಲ್ಲುತ್ತದೆ. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿದ್ದರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೆರಳಲ್ಲಿ ಅರ್ಧ ಗಂಟೆ ಕೂತರೆ ಸಾಕು, ಮತ್ತೆ ಹೊರಡುತ್ತದೆ. ಆ ಅಪಾಯಕ್ಕೆ ಎಡೆ ಕೊಡಬೇಡಿ. ಬ್ಯಾಟರಿ ‘ಕಟ್ ಕಟ್’ ಎನ್ನುವವರೆಗೆ ಸೆಲ್ಫ್ ಹೊಡೆಯಿರಿ. ಬಳಿಕ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬಿಸಿಲಿಗೆ ಹಿಡಿಯಿರಿ. ತುದಿಯಲ್ಲಿ ಹಾಲು ಹೆಚ್ಚಾದ ಚಹಾದಂಥ ನೊರೆ ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಎಣ್ಣೆಗೆ ಸೇರಿದೆ ಎಂದರ್ಥ. ‘ಎಣ್ಣೆ ಹೊಸದಾಗೇ ಇದೆ’ ಎಂದು ಪಂಚೆಯ ಅಂಚಿಗೆ ಒರೆಸಿ ಕಡ್ಡಿ ಒಳಗಿಡಿ.

7. ಹೆದ್ದಾರಿಯವರ ಸಹಾಯವಾಣಿ 1033. ಅದಕ್ಕೆ ಕರೆ ಮಾಡಿದರೆ ಸಹಾಯ ಬಂದುಬಿಡಬಹುದು. ಬದಲಿಗೆ ಬಾನೆಟ್ ಎತ್ತಿ ನಿಲ್ಲಿ. ದಾರಿಹೋಕರು ತಾವಾಗಿ ಸೇರುತ್ತಾರೆ. ಒಬ್ಬರು ಪ್ಲಗ್ಗೆನ್ನುತ್ತಾರೆ, ಇನ್ನೊಬ್ಬರು ಕಾಯಿಲ್ ಎನ್ನುತ್ತಾರೆ, ಮೂರನೆಯವರು ನಿಂಬೆಹಣ್ಣು ಕಟ್ಟಲಿಲ್ಲವೇ ಎಂದು ಕೇಳುತ್ತಾರೆ. ಮೂವರ ಮಾತನ್ನೂ ಒಟ್ಟಿಗೇ ನಡೆಸಿ.

8. ಜಹೀರಾಬಾದಿನಿಂದ ಮೇಸ್ತ್ರಿ ಬಂದು ‘ಪಾನಿ ಕಬ್ ಡಾಲೆ ಸಾಬ್?’ ಎಂದರೆ ‘ಮೊನ್ನೆ ತಾನೇ’ ಎನ್ನಿ. ಪಾನಾ ಹಿಡಿಯುವ ಬಗೆಯನ್ನು ಅವನಿಗೆ ಕಲಿಸಿ. ಇಂಥ ಹಳೇ ಫಿಯಟ್‌ಗಳ ತಯಾರಿಕೆ ನಿಂತು ಎರಡು ದಶಕ ದಾಟಿರಬಹುದು. ಆದರೆ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯೇ ಇರುವಾಗ ಒಂದು ಗ್ಯಾಸ್ಕೆಟ್ ಸಿಗದೇ ಎಂದು ಮನೆಯವರಿಗೆ ಧೈರ್ಯ ಹೇಳಿ, ಲಾಡ್ಜ್‌ನಲ್ಲಿ ಕೋಣೆ ಹಿಡಿಯಿರಿ.

9. ಮರುದಿನ ಟೋಚನ್. ಸಿಕ್ಕ ಟ್ರ್ಯಾಕ್ಟರಿಗೆ ಬಟ್ಟೆ ಒಣಹಾಕುವ ಹಗ್ಗದಿಂದ, ಬಂಪರಿಗೇ ಗಂಟು ಹಾಕಿ. ಬಂಪರ್ ಕಳಚಿ ಬಂದರೆ ಅದನ್ನೂ ಹಿಂದಿನ ಸೀಟಿಗೆ ಏರಿಸಿ. ಚಿರಾಗ್‌ಪಲ್ಲಿಯ ಹತ್ತಿರ ಗಡಿ ದಾಟುವಾಗ ಸ್ಟೇರಿಂಗ್ ಬಿಗಿಯಾಗಿ ಹಿಡಿದು, ನೀವೇ ಓಡಿಸುತ್ತಿರುವಂತೆ ಕೂತುಕೊಳ್ಳಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಿ, ತಡವಾದದ್ದಕ್ಕೆ ಕಾರಣ ಬೇಕಾಗುತ್ತದೆ.

10. ಕಲಬುರಗಿ ಸೇರಿದ ಮೇಲೆ ಲೆಕ್ಕ ಬರೆಯಿರಿ. ಉಳಿಸಿದ ಲಾರಿ ಬಾಡಿಗೆಯನ್ನು ಮೊದಲ ಪುಟದಲ್ಲಿ ಬರೆದು ನೆಂಟರಿಗೆ ತೋರಿಸಿ. ಗ್ಯಾಸ್ಕೆಟ್, ಬ್ಯಾಟರಿ, ಲಾಡ್ಜ್, ಟ್ರ್ಯಾಕ್ಟರ್ ಬೇರೆ ಪುಸ್ತಕಕ್ಕೆ ಹೋಗಲಿ.

11. ಕೊನೆಯದು ಕಾಗದಪತ್ರ. ತೆಲಂಗಾಣದಲ್ಲಿ 2014ರಲ್ಲಿ ಟಿಎಸ್ ಬಂತು, 2024ರಲ್ಲಿ ಟಿಜಿ ಆಯಿತು, ನಿಮ್ಮ ಪ್ಲೇಟು ಮಾತ್ರ ಎಪಿಯಲ್ಲೇ ನಿಂತಿದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವ ಗಾಡಿಗೆ ಹೊಸ ನೋಂದಣಿ ಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಹನ್ನೊಂದು ತಿಂಗಳು ಮರೆತಿರಿ. ಆಮೇಲೆ ಅವಸರ ಮಾಡಿ. ಮೂಲ ಆರ್‌ಟಿಓದ ಎನ್‌ಒಸಿ ಬೇಕು, ಅದು ಹೈದರಾಬಾದಿನಲ್ಲಿದೆ. ಬಸ್ಸಿಗೆ ದುಡ್ಡು ದಂಡ ಮಾಡಬೇಡಿ, ಫಿಯಟ್‌ನಲ್ಲೇ ಹೋಗಿ.